ವರದಿ ಕೊಡಬೇಕಾಗಿಲ್ಲದ ಕಲಿಕೆ: ಕಾಸರಗೋಡಿನ ಟೀಚರ್‌ಗಳು ಆನ್‌ಲೈನ್‌ನಲ್ಲಿ ತಮಗಾಗಿ ಏನು ಮಾಡುತ್ತೀರಿ?

ಬದಿಯಡ್ಕ_ಟೀಚರ್

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಯು.ಪಿ. (ಹಿರಿಯ ಪ್ರಾಥಮಿಕ) ತರಗತಿಗಳಿಗೆ ಪಾಠ ಮಾಡುತ್ತೇನೆ. ನಮ್ಮ ಕಡೆಯ ಟೀಚರ್‌ಗಳ ಹತ್ತಿರ ಒಂದು ವಿಷಯ ಮಾತಾಡಬೇಕು ಅಂತ ಬಹಳ ದಿನದಿಂದ ಇತ್ತು.

ನಮಗೆ ಕಂಪ್ಯೂಟರ್ ಹೊಸತೇನಲ್ಲ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತಂದ ಆ ಯೋಜನೆಯೇ ಈಗ ಕೈಟ್ ಎಂಬ ಸರಕಾರಿ ಸಂಸ್ಥೆ ಆಗಿದೆ. 2020ರ ಜೂನ್‌ನಲ್ಲಿ ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಎಂಬ ಆನ್‌ಲೈನ್ ತರಗತಿಗಳು ಬಂದ ಮೇಲಂತೂ ಫೋನು ಕೈಯಿಂದ ಕೆಳಗಿಳಿದದ್ದೇ ಇಲ್ಲ. ಪಾಠದ ಸಾಮಗ್ರಿಗೆ ಸಮಗ್ರ ಪೋರ್ಟಲ್ ನೋಡುತ್ತೇವೆ. ಕ್ಲಸ್ಟರ್ ತರಬೇತಿಗೆ ಹೆಸರು ಕೊಡುತ್ತೇವೆ. ಗೂಗಲ್ ಫಾರ್ಮ್ ತುಂಬಿಸುತ್ತೇವೆ. ಪಿ.ಟಿ.ಎ. ಗ್ರೂಪಿನಲ್ಲಿ ಉತ್ತರ ಕೊಡುತ್ತೇವೆ. ಇವೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಇಷ್ಟರಲ್ಲಿ ನಮಗಾಗಿ ಮಾಡಿದ್ದು ಯಾವುದು? ಹುಡುಕಿದರೂ ಸಿಗುವುದಿಲ್ಲ, ಅಲ್ವಾ?

ಕಲಿಸುವವರು ಸ್ವಂತಕ್ಕೆ ಅಂತ ಏನಾದರೂ ಒಂದನ್ನು ಕಲಿಯುತ್ತಾ ಇರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಸರ್ಟಿಫಿಕೇಟ್ ಇರಬಾರದು. ವರದಿ ಬರೆಯುವ ಕೆಲಸ ಇರಬಾರದು. ಫೋಟೋ ತೆಗೆದು ಗ್ರೂಪಿಗೆ ಹಾಕಿ ಅನ್ನುವವರು ಇರಬಾರದು. ಖುಷಿ ಆಗುತ್ತದೆ, ಅದಕ್ಕೆ ಮಾಡುತ್ತೇನೆ. ಅಷ್ಟು ಕಾರಣ ಸಾಕು.

ನಾನು ಹಿಡಿದುಕೊಂಡದ್ದು ಆಕಾಶ. ನಾನು ಓದಿದ್ದು ಇತಿಹಾಸ, ಖಗೋಳಕ್ಕೂ ನನಗೂ ಸಂಬಂಧವೇ ಇರಲಿಲ್ಲ. ಸ್ಟೆಲೇರಿಯಂ ಅಂತ ಒಂದು ಉಚಿತ ತಂತ್ರಾಂಶ ಇದೆ. ಕಂಪ್ಯೂಟರಿಗೆ ಹಾಕಿಕೊಳ್ಳಬಹುದು, ಬ್ರೌಸರ್‌ನಲ್ಲೇ ತೆರೆಯಬಹುದು, ಫೋನಿಗೂ ಇದೆ. ಊರಿನ ಜಾಗ ಕೊಟ್ಟರೆ ಈ ಹೊತ್ತಿಗೆ ನಮ್ಮ ತಲೆಯ ಮೇಲಿರುವ ಆಕಾಶವನ್ನೇ ತೋರಿಸುತ್ತದೆ. ಗಡಿಯಾರ ಹಿಂದೆ ಮುಂದೆ ಓಡಿಸಬಹುದು.

ಇದರಿಂದ ಗೊತ್ತಾದ ಒಂದು ವಿಷಯ ಹೇಳುತ್ತೇನೆ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಧ್ರುವ ನಕ್ಷತ್ರವೂ ನಮಗೆ ದಿಗಂತದಿಂದ ಅಷ್ಟೇ ಎತ್ತರ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಮುಷ್ಟಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಉತ್ತರಕ್ಕೆ ಗುಡ್ಡವೋ ಅಡಿಕೆ ತೋಟವೋ ಇದ್ದರೆ ಅದು ಕಾಣುವುದೇ ಇಲ್ಲ. ಆದರೆ ದಕ್ಷಿಣ ನಮಗೆ ಧಾರಾಳ. ಫೆಬ್ರವರಿಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಅಗಸ್ತ್ಯ ನಕ್ಷತ್ರ 25 ಡಿಗ್ರಿಯವರೆಗೆ ಮೇಲೆ ಬರುತ್ತದೆ. ದೆಹಲಿಯವರಿಗೆ ಅದು ಒಂಬತ್ತು ಡಿಗ್ರಿಯೂ ಏರುವುದಿಲ್ಲ. ಮೇ ತಿಂಗಳಲ್ಲಿ ತ್ರಿಶಂಕು ನಕ್ಷತ್ರಪುಂಜ ಸಹ ಚೆನ್ನಾಗಿ ಕಾಣುತ್ತದೆ. ಏಪ್ರಿಲ್ 23ರ ಆಸುಪಾಸಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ, ಆಗ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರುತ್ತಾನೆ, ಆದರೆ ನಮ್ಮ ಮಳೆಗಾಲದಲ್ಲಿ ಯಾರಿಗೆ ಕಾಣಬೇಕು.

ನೀವೆಲ್ಲ ಏನು ಮಾಡುತ್ತಿದ್ದೀರಿ? ಯಾವ ತಾಣ, ಯಾವ ಆ್ಯಪ್, ಅದರಲ್ಲಿ ನಿಮಗೆ ಖುಷಿ ಕೊಟ್ಟದ್ದು ಯಾವುದು? ದಯವಿಟ್ಟು ಸ್ವಲ್ಪ ವಿವರವಾಗಿ ಬರೆಯಿರಿ. ಬರೀ ಲಿಂಕ್ ಬೇಡ.

ನಿವೃತ್ತ_ಹೆಡ್‌ಮಾಷ್

ಟೀಚರೇ, ಓದಿ ಸಂತೋಷವಾಯಿತು. ಆದರೆ ಒಂದು ಮಾತು ಒಪ್ಪಲು ಆಗುವುದಿಲ್ಲ. ಟೀಚರ್ ಕಲಿತದ್ದು ಕೊನೆಗೆ ಮಕ್ಕಳಿಗೆ ಮುಟ್ಟಬೇಕು. ಮುಟ್ಟದ ಕಲಿಕೆಗೆ ಏನು ಅರ್ಥ? ನೀವು ಬರೆದ ಆ ನೆರಳಿಲ್ಲದ ದಿನ ಇದೆಯಲ್ಲ, ಅದು ಏಳನೇ ಕ್ಲಾಸಿನ ಮಕ್ಕಳಿಗೆ ಎಷ್ಟು ಒಳ್ಳೆಯ ಚಟುವಟಿಕೆ!

ಬದಿಯಡ್ಕ_ಟೀಚರ್

ಮಾಷ್, ಮಕ್ಕಳಿಗೆ ಮುಟ್ಟಲಿ, ಬೇಡ ಅನ್ನುವುದಿಲ್ಲ. ಆದರೆ ಏಪ್ರಿಲ್ 23ಕ್ಕೆ ನಮ್ಮ ಮಕ್ಕಳಿಗೆ ರಜೆ.

ನನ್ನ ಮಾತು ಇಷ್ಟು. ಆ್ಯಪ್ ತೆರೆಯುವ ಮೊದಲೇ "ಇದನ್ನು ಯಾವ ಪಾಠಕ್ಕೆ ಹೊಂದಿಸಲಿ" ಅಂತ ಯೋಚಿಸಿದರೆ ಅದು ಪಾಠದ ತಯಾರಿ. ಅದನ್ನು ನಾವು ದಿನಾ ಮಾಡುತ್ತೇವೆ. ನಾನು ಕೇಳುತ್ತಿರುವುದು ಬೇರೆ. ಅಗಸ್ತ್ಯ ನಕ್ಷತ್ರ ಯಾವ ಪಠ್ಯದಲ್ಲೂ ಇಲ್ಲದಿದ್ದರೂ ನನಗೆ ಅದು ಬೇಕು. ಮಕ್ಕಳಿಗೆ ಹೇಳುವ ಸಂದರ್ಭ ತಾನಾಗಿ ಬಂದರೆ ಹೇಳುತ್ತೇನೆ. ಬಾರದಿದ್ದರೆ ಅದು ವ್ಯರ್ಥವಾಯಿತು ಅಂತ ನನಗೆ ಅನ್ನಿಸುವುದಿಲ್ಲ.

ಕುಂಬಳೆ_ಗಣಿತ

ಟೀಚರ್ ಪರವಾಗಿ ನನ್ನದೊಂದು ಓಟು.

ನನ್ನದು ಜಿಯೋಜಿಬ್ರಾ, ಗಣಿತದ ಚಿತ್ರ ಬಿಡಿಸುವ ತಂತ್ರಾಂಶ. ಕೈಟ್‌ನವರ ಲಿನಕ್ಸ್ ಇರುವ ಎಲ್ಲ ಶಾಲಾ ಲ್ಯಾಪ್‌ಟಾಪ್‌ನಲ್ಲೂ ಅದು ಇದೆ, ಗಣಿತದವರಿಗೆಲ್ಲ ಪರಿಚಯವೇ. ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅದನ್ನು 2001ರಲ್ಲಿ ಶುರು ಮಾಡಿದ್ದು. ಕ್ಲಾಸಿನಲ್ಲಿ ನಾನು ಅದರಲ್ಲಿ ತ್ರಿಕೋನ, ವೃತ್ತ, ಸ್ಪರ್ಶಕ ಇಷ್ಟು ಮಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಅದೇ ಜಿಯೋಜಿಬ್ರಾದಲ್ಲಿ ಹೂವು ಬಿಡಿಸುತ್ತೇನೆ.

ಹೇಗೆ ಅಂದರೆ, r = cos(kθ) ಅಂತ ಒಂದು ಸಮೀಕರಣ ಕೊಡಿ (r ಅಂದರೆ ಮಧ್ಯದಿಂದ ದೂರ, θ ಅಂದರೆ ತಿರುಗಿದ ಕೋನ). kಗೆ ಒಂದು ಸ್ಲೈಡರ್ ಇಡಿ. k ಮೂರಕ್ಕೆ ಇಟ್ಟರೆ ಮೂರು ದಳದ ಹೂವು. ಐದಕ್ಕೆ ಇಟ್ಟರೆ ಐದು ದಳ. ನಾಲ್ಕಕ್ಕೆ ಇಟ್ಟರೆ ನಾಲ್ಕು ಅಲ್ಲ, ಎಂಟು ದಳ! ಬೆಸ ಸಂಖ್ಯೆಗೆ ಅಷ್ಟೇ ದಳ, ಸಮ ಸಂಖ್ಯೆಗೆ ಎರಡು ಪಟ್ಟು. ಯಾಕೆ ಹೀಗೆ ಅಂತ ಪುಸ್ತಕ ನೋಡದೆ ಕಂಡುಹಿಡಿಯಬೇಕು ಅಂತ ಹಟ ಹಿಡಿದೆ. ಬೆಸ ಸಂಖ್ಯೆಗೆ ರೇಖೆ ಎರಡನೇ ಅರ್ಧ ಸುತ್ತಿನಲ್ಲಿ ಮೊದಲು ಹೋದ ದಾರಿಯಲ್ಲೇ ಮತ್ತೆ ಹೋಗುತ್ತದೆ, ಅದಕ್ಕೆ ಹೊಸ ದಳ ಬರುವುದಿಲ್ಲ. ಕಾಗದದ ಮೇಲೆ ಬಿಡಿಸಿ ನೋಡಿದಾಗ ಹೊಳೆಯಿತು. ಇನ್ನು kಯನ್ನು 2.5ಕ್ಕೆ ಇಟ್ಟು θ ಎರಡು ಸುತ್ತು ಹೋಗುವ ಹಾಗೆ ಮಾಡಿ. ದಳಗಳು ಒಂದರ ಮೇಲೊಂದು ಹೆಣೆದುಕೊಂಡು ಬಹಳ ಚಂದ ಬರುತ್ತದೆ. ನನ್ನ ಹೆಂಡತಿ ಅದನ್ನು ನೋಡಿ ಚೌತಿಗೆ ಅಂಗಳದಲ್ಲಿ ರಂಗೋಲಿ ಹಾಕಿದಳು.

ಇನ್ನೊಂದು ಲೀಚೆಸ್. ಚೆಸ್ ಆಡುವ ತಾಣ. ಪೂರ್ತಿ ಉಚಿತ, ಜಾಹೀರಾತು ಒಂದೂ ಇಲ್ಲ. 2010ರಿಂದ ದೇಣಿಗೆಯ ಮೇಲೆಯೇ ನಡೆಯುತ್ತಿದೆ. ಆಟ ಆಡಲು ಪುರುಸೊತ್ತು ಇಲ್ಲದಿದ್ದರೆ ಅದರ ಸಮಸ್ಯೆಗಳನ್ನು ಬಿಡಿಸಿ. ಒಂದೊಂದಕ್ಕೆ ಎರಡು ನಿಮಿಷ ಸಾಕು.

ಪೆರ್ಲ_ಎಲ್‌ಪಿ

ನೀವೆಲ್ಲ ಬರೆಯುವುದು ಓದಿ ಆಸೆ ಆಗುತ್ತದೆ. ಆದರೆ ಸಮಯದ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ನನಗೆ ಎರಡು ಸಣ್ಣ ಮಕ್ಕಳು. ಬೆಳಿಗ್ಗೆ ಬುತ್ತಿ, ಬಸ್ಸು, ಶಾಲೆ, ಸಂಜೆ ಮನೆ. ರಾತ್ರಿ ಹತ್ತು ಗಂಟೆಗೂ ಶಾಲೆಯ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ, ನಾಳೆ ಬೆಳಿಗ್ಗೆ ಪಟ್ಟಿ ಬೇಕು ಅಂತ. ಅಷ್ಟು ಹೊತ್ತಿಗೆ ಫೋನು ಕಂಡರೇ ಬೇಡ ಅನ್ನಿಸುತ್ತದೆ. "ಊಟ ಆದ ಮೇಲೆ" ಅಂತ ಕುಂಬಳೆ ಮಾಷ್ ಬರೆದಿದ್ದಾರೆ. ನಮ್ಮಲ್ಲಿ ಊಟ ಆದ ಮೇಲೆ ಪಾತ್ರೆ ಇರುತ್ತದೆ.

ಕುಂಬಳೆ_ಗಣಿತ

ನೀವು ಹೇಳಿದ್ದು ಸರಿ ಟೀಚರ್. ಮನೆಕೆಲಸದ ಲೆಕ್ಕ ಹಾಕದೆ ಪುರುಸೊತ್ತಿನ ಮಾತಾಡುವುದು ನ್ಯಾಯ ಅಲ್ಲ.

ಬದಿಯಡ್ಕ_ಟೀಚರ್

ಪೆರ್ಲ ಟೀಚರ್, ಇದು ಮುಖ್ಯವಾದ ಮಾತು. ನಾನು ಒಂದು ಮಾಡಿದೆ. ರಾತ್ರಿ ಎಂಟರ ನಂತರ ಶಾಲೆಯ ಗ್ರೂಪುಗಳಿಗೆ ಬಾಯಿ ಮುಚ್ಚಿಸಿದೆ. ಯಾರೂ ಏನೂ ಹೇಳಲಿಲ್ಲ. ತೀರಾ ಅಗತ್ಯ ಇದ್ದರೆ ಫೋನ್ ಮಾಡುತ್ತಾರೆ.

ಮತ್ತೆ ಪರದೆ ನೋಡಲೇಬೇಕು ಅಂತ ಇಲ್ಲವಲ್ಲ. ಕಿವಿಗೆ ಕೊಡುವಂಥದ್ದೂ ಬಹಳ ಇದೆ. ಕೆಲಸ ಮಾಡುತ್ತಾ ಕೇಳಬಹುದು.

ಮಧೂರು_ಚೆಂಡೆ

ಕಿವಿಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ತಾಳಮದ್ದಳೆ! ವೇಷ ಇಲ್ಲದೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಹಳೆಯ ರೆಕಾರ್ಡಿಂಗ್‌ಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಅವರು ನಮ್ಮ ಕುಂಬಳೆ ಸೀಮೆಯವರೇ. ಒಂದು ಪ್ರಸಂಗ ಹಚ್ಚಿಟ್ಟರೆ ಎರಡು ದಿನದ ಅಡುಗೆ ಆಗುತ್ತದೆ. ಮೊದಲು ಸುಮ್ನೆ ಕೇಳಿ. ಇಷ್ಟವಾದರೆ ಆ ಪ್ರಸಂಗದ ಪದ್ಯಗಳನ್ನು ಹುಡುಕಿ, ಮುಂದಿಟ್ಟುಕೊಂಡು ಕೇಳಿ. ಹಳೆಯ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟ ಯಕ್ಷಗಾನ ಪ್ರೇಮಿಗಳು ಇದ್ದಾರೆ. ರಾಮಾಯಣದ ಪ್ರಸಂಗ ಬರೆದ ಪಾರ್ತಿಸುಬ್ಬನ ಪದ್ಯ ಓದುತ್ತಾ ಭಾಗವತರು ಹಾಡುವುದನ್ನು ಕೇಳಿದರೆ ಎಲ್ಲಿ ಎಳೆದರು, ಎಲ್ಲಿ ಬಿಟ್ಟರು ಅಂತ ಗೊತ್ತಾಗುತ್ತದೆ.

ನಾನು ವಿಜ್ಞಾನದ ಮಾಷ್. ಚೆಂಡೆ ಕಲಿಯಲು ಶುರು ಮಾಡಿದ್ದು ಹೀಗೆ ಕೇಳಿ ಕೇಳಿಯೇ. ಯೂಟ್ಯೂಬಿನಲ್ಲಿ ವೇಗ ಕಡಿಮೆ ಮಾಡುವ ಸೌಕರ್ಯ ಇದೆ, 0.75ಕ್ಕೋ 0.5ಕ್ಕೋ ಇಟ್ಟರೆ ಪೆಟ್ಟುಗಳು ಬಿಡಿ ಬಿಡಿಯಾಗಿ ಕೇಳುತ್ತವೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ನಮ್ಮದೇ ನುಡಿತ ರೆಕಾರ್ಡ್ ಮಾಡಿ ಅಲೆಯ ಚಿತ್ರ ನೋಡಬಹುದು. ಪೆಟ್ಟು ಎಲ್ಲಿ ತಡವಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಆದರೆ ಗುರುಗಳ ಎದುರು ಕೂತು ಕಲಿಯುವುದನ್ನು ಇದರಿಂದ ಬಿಡಬೇಡಿ. ಕೈ ಹೇಗೆ ಬೀಳಬೇಕು ಅಂತ ಯೂಟ್ಯೂಬ್ ತಿದ್ದುವುದಿಲ್ಲ.

ಪೆರ್ಲ_ಎಲ್‌ಪಿ

ಇದು ಆಗುತ್ತದೆ ಮಾರಾಯ್ರೆ! ನನ್ನ ಅಜ್ಜ ಅರ್ಥ ಹೇಳುತ್ತಿದ್ದರು. ನಾನೇ ಯಾಕೆ ಹುಡುಕಲಿಲ್ಲವೋ.

ಮುಳ್ಳೇರಿಯ_ಹಕ್ಕಿ

ನನ್ನದೂ ಕಿವಿಯ ವಿಷಯವೇ.

ಮೆರ್ಲಿನ್ ಅಂತ ಆ್ಯಪ್ ಇದೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರದು. ಭಾರತದ ಹಕ್ಕಿಗಳ ಪ್ಯಾಕ್ ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಗುಡ್ಡದ ಬದಿಯಲ್ಲಿ ಇದೇ ದೊಡ್ಡ ಉಪಕಾರ. ಫೋನನ್ನು ತೋಟದಲ್ಲಿ ಹಿಡಿದು ನಿಂತರೆ ಯಾವ ಹಕ್ಕಿ ಕೂಗುತ್ತಿದೆ ಅಂತ ಹೆಸರು ತೋರಿಸುತ್ತಾ ಹೋಗುತ್ತದೆ. ಕೂಗಿನ ಚಿತ್ರವೂ ಪರದೆಯ ಮೇಲೆ ಓಡುತ್ತದೆ. ಕುಟ್ರುಹಕ್ಕಿಯದು ಒಂದೇ ಎತ್ತರದಲ್ಲಿ ಸಾಲಾಗಿ ಬರುವ ಗೀಟು. ಮಡಿವಾಳ ಹಕ್ಕಿಯದು ಮೇಲೆ ಕೆಳಗೆ ಬಳುಕುತ್ತದೆ. ಕೆಂಬೂತದ್ದು ಕೆಳಗೆ, ದಪ್ಪಗೆ. ಸ್ವಲ್ಪ ದಿನ ನೋಡಿದರೆ ಆ್ಯಪ್ ಹೆಸರು ಹೇಳುವ ಮೊದಲೇ ನಮಗೆ ಗೊತ್ತಾಗುತ್ತದೆ. ನನಗೆ ಹೆಚ್ಚು ಖುಷಿ ಕೊಟ್ಟದ್ದು ಅದು.

ಆದರೆ ಆ್ಯಪ್ ಹೇಳಿದ್ದೆಲ್ಲ ನಂಬಬೇಡಿ. ನಮ್ಮಲ್ಲಿ ಭೀಮರಾಜ ಇದೆಯಲ್ಲ, ಬಾಲದಲ್ಲಿ ಎರಡು ಉದ್ದ ಗರಿ ಇರುವ ಕಪ್ಪು ಹಕ್ಕಿ, ಅದು ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ. ಗಿಡುಗದ ಕೂಗನ್ನೂ ಹಾಕುತ್ತದೆ. ಆಗ ಪರದೆಯಲ್ಲಿ ಗಿಡುಗನ ಹೆಸರು ಬರುವುದೂ ಉಂಟು. ಮರದ ಮೇಲೆ ಕೂತದ್ದು ಯಾರು ಅಂತ ಕಣ್ಣಿನಲ್ಲೇ ನೋಡಬೇಕು. ಅನುಮಾನ ಇದ್ದರೆ ಕ್ಸೀನೋ-ಕ್ಯಾಂಟೋ ತಾಣಕ್ಕೆ ಹೋಗಿ. ಜಗತ್ತಿನ ಎಲ್ಲ ಕಡೆಯ ಜನ ರೆಕಾರ್ಡ್ ಮಾಡಿದ ಹಕ್ಕಿ ಕೂಗುಗಳು ಅಲ್ಲಿವೆ. ಕೇರಳದ ರೆಕಾರ್ಡಿಂಗ್‌ಗಳನ್ನೇ ಆರಿಸಿ ಕೇಳಬಹುದು.

ಇದೇ ಕಾರ್ನೆಲ್‌ನವರ ಇಬರ್ಡ್‌ನಲ್ಲಿ ಕಂಡ ಹಕ್ಕಿಗಳ ಪಟ್ಟಿ ದಾಖಲಿಸಬಹುದು. ಕೇರಳದಲ್ಲಿ 2015ರಿಂದ 2020ರವರೆಗೆ ಇಡೀ ರಾಜ್ಯದ ಪಕ್ಷಿ ನಕಾಶೆ ಮಾಡಿದರು. ಅದರಲ್ಲಿ ಕೆಲಸ ಮಾಡಿದವರಲ್ಲಿ ಬಹಳ ಜನ ನಮ್ಮ ಹಾಗೆ ಬೇರೆ ಬೇರೆ ಉದ್ಯೋಗ ಇರುವ ಸಾಮಾನ್ಯ ಹಕ್ಕಿ ವೀಕ್ಷಕರು. ನಮ್ಮ ಜಿಲ್ಲಾ ಪಂಚಾಯತು ಜಿಲ್ಲೆಗೇ ಅಂತ ಒಂದು ಹಕ್ಕಿ, ಒಂದು ಮರ, ಒಂದು ಆಮೆ ಎಲ್ಲ ಘೋಷಿಸಿದೆ, ಗೊತ್ತಾ? ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಮರ ಕಾಸರಕ. ಆಮೆ ಅಂದರೆ ಚಂದ್ರಗಿರಿ ಹೊಳೆಯಲ್ಲಿ ಇರುವ ಮೆದು ಚಿಪ್ಪಿನ ದೈತ್ಯ ಆಮೆ. ಕಡಲ ಹದ್ದನ್ನು ನೋಡಬೇಕಾದರೆ ಮಂಜೇಶ್ವರದಿಂದ ಬೇಕಲದವರೆಗೆ ಕಡಲ ಬದಿಯಲ್ಲಿ ಎಲ್ಲಾದರೂ ನಿಂತು ಮೇಲೆ ನೋಡಿ.

ತಲಪಾಡಿ_ಬಿಎಡ್

ನಾನಿನ್ನೂ ಬಿ.ಎಡ್. ಓದುತ್ತಿದ್ದೇನೆ. ಯಾರೂ ಎಐ ಚಾಟ್‌ಬಾಟ್ ಬಗ್ಗೆ ಬರೆದಿಲ್ಲ. ಈಗ ಕನ್ನಡದಲ್ಲೇ ಕೇಳಿದರೂ ಉತ್ತರ ಕೊಡುತ್ತದೆ. ಎಲ್ಲ ಅದರಲ್ಲೇ ಕಲಿಯಬಹುದಲ್ಲ?

ಹೊಸಂಗಡಿ_ಲೈಬ್ರರಿ

ತಮ್ಮಾ, ಬಳಸು, ಆದರೆ ಹುಷಾರು. ನಾನು ಅಂಥದ್ದೊಂದಕ್ಕೆ ನಮ್ಮ ಊರಿನ ಒಂದು ಹಳೆಯ ದೇವಸ್ಥಾನದ ಬಗ್ಗೆ ಕೇಳಿದೆ. ಇಲ್ಲದ ಶಾಸನ, ಇಲ್ಲದ ಇಸವಿ, ಇಲ್ಲದ ರಾಜನ ಹೆಸರು ಎಲ್ಲ ಸೇರಿಸಿ ನಯವಾಗಿ ಹೇಳಿತು. ಊರಿನವರಲ್ಲದಿದ್ದರೆ ನಂಬಿಯೇ ಬಿಡುತ್ತಿದ್ದರು. ನಮ್ಮಂಥ ಸಣ್ಣ ಊರಿನ ವಿಷಯ ಅಂತರ್ಜಾಲದಲ್ಲಿ ಇರುವುದೇ ಕಡಿಮೆ. ಇಲ್ಲದ ಜಾಗವನ್ನು ಅದು ಕಲ್ಪನೆಯಿಂದ ತುಂಬುತ್ತದೆ.

ಒಂದು ಒಳ್ಳೆಯ ಬಳಕೆ ಇದೆ. ನೀನು ಓದಿದ ಒಂದು ಪುಟವನ್ನು ಅದಕ್ಕೆ ಕೊಡು, ಇದರ ಮೇಲೆ ನನಗೆ ಪ್ರಶ್ನೆ ಕೇಳು ಅನ್ನು. ಉತ್ತರ ನಿನ್ನ ಮುಂದೆಯೇ ಇರುತ್ತದೆ, ಹಾಗಾಗಿ ತಪ್ಪು ಹೇಳಿದರೆ ಸಿಕ್ಕಿಬೀಳುತ್ತದೆ.

ಹೊಸದುರ್ಗ_ಭಾಷಾಟೀಚರ್

ನಾನು ಮಲಯಾಳಂ ಓದಲು ಕಲಿಯುತ್ತಿದ್ದೇನೆ. ಮಾತಾಡಲು ಚಿಕ್ಕಂದಿನಿಂದ ಬರುತ್ತದೆ, ಓದಲು ಬರುತ್ತಿರಲಿಲ್ಲ. ನಮ್ಮಲ್ಲಿ ಹೀಗೆ ಇರುವವರು ಜಾಸ್ತಿ. ಬಸ್ಸಿನ ಬೋರ್ಡು ಓದುವಷ್ಟು ಬಂದರೆ ಸಾಕು ಅಂದುಕೊಂಡಿದ್ದೆ. ಈಗ ಕಥೆ ಓದುವ ಮಟ್ಟಕ್ಕೆ ಬಂದಿದ್ದೇನೆ.

ಅಕ್ಷರಕ್ಕೆ ಆಂಕಿ ಬಳಸಿದೆ. ಅದು ಪ್ರಶ್ನೆ-ಉತ್ತರದ ಕಾರ್ಡು ತೋರಿಸುವ ತಂತ್ರಾಂಶ. ಗೊತ್ತಿರುವ ಕಾರ್ಡು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಬರುತ್ತದೆ. ಗೊತ್ತಿಲ್ಲದ್ದು ಈಗಲೇ ಮತ್ತೆ ಬರುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವುದೇ ಅದರ ಗುಟ್ಟು. ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಅಂತ ಉಚಿತ. ಐಫೋನಿನಲ್ಲಿ ಮಾತ್ರ ದುಡ್ಡು ಕೊಡಬೇಕು. ಬೇರೆಯವರು ಮಾಡಿಟ್ಟ ಕಾರ್ಡು ಇಳಿಸಬೇಡಿ, ನಿಮ್ಮದನ್ನು ನೀವೇ ಮಾಡಿ. ಮಾಡುವಾಗಲೇ ಅರ್ಧ ಕಲಿತಾಗುತ್ತದೆ. ಒಂದೇ ಥರ ಕಾಣುವ ಅಕ್ಷರಗಳನ್ನು ಜೋಡಿಯಾಗಿ ಹಾಕಿದೆ, ಗೊಂದಲ ಹೋಯಿತು.

ಪದಕ್ಕೆ ಓಳಂ ನಿಘಂಟು. ಕನ್ನಡಕ್ಕೆ ಅಲರ್ ಇದೆಯಲ್ಲ, ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು? 2019ರಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಓಳಂ ಮತ್ತು ಅಲರ್ ಎರಡೂ ಆನ್‌ಲೈನ್‌ಗೆ ಬಂದದ್ದು ಕೈಲಾಶ್ ನಾಧ್ ಅವರ ಕೆಲಸದಿಂದ.

ನನಗೆ ಬಹಳ ಇಷ್ಟವಾದದ್ದು ಸಮಂ. ಅದು ಮಲಯಾಳಂ, ಕನ್ನಡ, ತಮಿಳು, ತೆಲುಗು ನಾಲ್ಕೂ ಒಟ್ಟಿಗಿರುವ ನಿಘಂಟು. ಅದನ್ನು ಮಾಡಿದವರು ತಲಶ್ಶೇರಿಯ ಞಾಟ್ಯೇಲ ಶ್ರೀಧರನ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಹೋದವರು. ಎರಡು ದಶಕಕ್ಕೂ ಜಾಸ್ತಿ ಒಬ್ಬರೇ ದುಡಿದು ಇದನ್ನು ಮುಗಿಸಿದರು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ, ಯಾರೂ ವರದಿ ಕೇಳಿರಲಿಲ್ಲ. ಬದಿಯಡ್ಕ ಟೀಚರ್ ಹೇಳುವುದು ಇದನ್ನೇ ಅಲ್ವಾ?

ಗಡಿನಾಡ_ಧ್ವನಿ

ಕ್ಷಮಿಸಿ, ನನಗೆ ಇದು ಸರಿ ಕಾಣಲಿಲ್ಲ. ಕೇರಳದ 2017ರ ಕಾಯ್ದೆಯಿಂದ ಶಾಲೆಯಲ್ಲಿ ಮಲಯಾಳಂ ಕಡ್ಡಾಯ ಅಂದಾಗ ನಾವು ಬೀದಿಗಿಳಿದಿದ್ದೇವೆ. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬಂದಾಗ ಮಕ್ಕಳು ಕ್ಲಾಸು ಬಿಟ್ಟು ಕೂತಿದ್ದಾರೆ. ಈಗ ಕನ್ನಡದ ಟೀಚರ್‌ಗಳೇ ಖುಷಿಗೆ ಮಲಯಾಳಂ ಕಲಿಯುತ್ತೇವೆ ಅಂದರೆ ಆ ಹೋರಾಟದ ಬಲ ಕಡಿಮೆ ಆಗುವುದಿಲ್ಲವೇ?

ಹೊಸದುರ್ಗ_ಭಾಷಾಟೀಚರ್

ಅಣ್ಣಾ, ಆ ಧರಣಿಗಳಲ್ಲಿ ನಾನೂ ಕೂತಿದ್ದೇನೆ. ಮುಂದೆಯೂ ಕೂರುತ್ತೇನೆ. ಕನ್ನಡದ ಮಗುವಿಗೆ ಕನ್ನಡದಲ್ಲಿ ಪಾಠ ಸಿಗಬೇಕು, ಆ ಮಾತಿನಲ್ಲಿ ಒಂದು ಅಕ್ಷರವೂ ಸಡಿಲ ಇಲ್ಲ. ಅದು ಹಕ್ಕಿನ ಪ್ರಶ್ನೆ. ನಾನು ರಾತ್ರಿ ಕೂತು ಏನು ಓದುತ್ತೇನೆ ಅನ್ನುವುದು ನನ್ನ ಆಯ್ಕೆ. ಕಡ್ಡಾಯ ಮಾಡಿದಾಗ ಬೇಡ ಅಂದೆ. ಈಗ ಯಾರೂ ಕಡ್ಡಾಯ ಮಾಡಲಿಲ್ಲ, ನನಗೆ ಬೇಕು ಅನ್ನಿಸಿತು. ಮಂಜೇಶ್ವರದ ಗೋವಿಂದ ಪೈಗಳಿಗೆ ಎಷ್ಟು ಭಾಷೆ ಬರುತ್ತಿತ್ತು! ಅವರ ಕನ್ನಡ ಅದರಿಂದ ಏನಾದರೂ ಕಡಿಮೆಯಾಯಿತಾ?

ಗಡಿನಾಡ_ಧ್ವನಿ

ಆಯ್ಕೆ ನಿಮ್ಮದು, ಅದನ್ನು ಪ್ರಶ್ನಿಸುವುದಿಲ್ಲ. ಆದರೆ ನನ್ನ ಆತಂಕ ಉಳಿದಿದೆ. ನಾನಾದರೆ ಆ ಸಮಯವನ್ನು ತುಳುವಿಗೆ ಕೊಡುತ್ತೇನೆ. ಕೊಡುತ್ತಲೂ ಇದ್ದೇನೆ. ತುಳು ವಿಕಿಪೀಡಿಯ 2016ರಿಂದ ಇದೆ, ಅದರಲ್ಲಿ ನಮ್ಮ ಊರಿನ ಭೂತ, ಕೃಷಿ, ಅಡುಗೆ ಬಗ್ಗೆ ಲೇಖನ ಬರೆಯುತ್ತೇನೆ. 2024ರಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಅದೇ ವರ್ಷ ತುಳು-ತಿಗಳಾರಿ ಲಿಪಿ ಯುನಿಕೋಡಿಗೂ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೂ ಬಂತು. ಬರೆಯುವವರು ಬೇಕು. ಆಸಕ್ತಿ ಇರುವ ಟೀಚರ್‌ಗಳು ಬನ್ನಿ, ಕನ್ನಡ ಲಿಪಿಯಲ್ಲೇ ಬರೆಯುವುದು, ಕಷ್ಟ ಇಲ್ಲ.

ಹೊಸಂಗಡಿ_ಲೈಬ್ರರಿ

ಗೋವಿಂದ ಪೈಗಳ ಹೆಸರು ಬಂತು, ಹಾಗಾಗಿ ಇದನ್ನು ಹೇಳಲೇಬೇಕು.

ಅವರು ತೀರಿಕೊಂಡದ್ದು 1963ರಲ್ಲಿ. ನಮ್ಮ ದೇಶದ ಕಾಯ್ದೆಯ ಪ್ರಕಾರ ಲೇಖಕರು ತೀರಿದ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಂದರೆ 2024ರ ಜನವರಿ 1ರಿಂದ, ಅವರು ಬದುಕಿದ್ದಾಗ ಅಚ್ಚಾದ ಬರಹಗಳೆಲ್ಲ ಸಾರ್ವಜನಿಕ ಸೊತ್ತು. ಯಾರು ಬೇಕಾದರೂ ಟೈಪ್ ಮಾಡಿ ಹಾಕಬಹುದು. ಅವರು ತೀರಿದ ಮೇಲೆ ಮೊದಲ ಸಲ ಅಚ್ಚಾದದ್ದಕ್ಕೆ ಲೆಕ್ಕ ಬೇರೆ, ಅದು ಅಚ್ಚಾದ ವರ್ಷದಿಂದ. ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿಗಳಿಗೂ ಬೇರೆ ಲೆಕ್ಕ. ಕಯ್ಯಾರ ಕಿಞ್ಞಣ್ಣ ರೈಗಳು ತೀರಿದ್ದು 2015ರಲ್ಲಿ, ಹಾಗಾಗಿ ಅವರ ಪುಸ್ತಕ ಹಾಕಬಾರದು.

ನನ್ನ ಖುಷಿ ಕನ್ನಡ ವಿಕಿಸೋರ್ಸ್‌ ಎಂಬ ಉಚಿತ ಆನ್‌ಲೈನ್ ಪುಸ್ತಕ ಭಂಡಾರದಲ್ಲಿ ಹಳೆಯ ಪುಸ್ತಕಗಳ ಕರಡು ತಿದ್ದುವುದು. ಒಂದು ಬದಿಯಲ್ಲಿ ಪುಟದ ಚಿತ್ರ, ಇನ್ನೊಂದು ಬದಿಯಲ್ಲಿ ಯಂತ್ರ ಓದಿ ಕೊಟ್ಟ ಅಕ್ಷರ. ಯಂತ್ರ ತಪ್ಪು ಮಾಡುತ್ತದೆ. ಅನುಸ್ವಾರ ಇರಬೇಕಾದಲ್ಲಿ ಕನ್ನಡದ ಸೊನ್ನೆ ಹಾಕಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಆದರೆ ಹುಡುಕಿದರೆ ಆ ಪದ ಸಿಗುವುದಿಲ್ಲ. ಪ, ವ, ಷ ಅದಲುಬದಲಾಗಿರುತ್ತವೆ. ಅಚ್ಚು ಮಾಸಿದ ಕಡೆ ದೀರ್ಘ ಹೋಗಿ ಹ್ರಸ್ವ ಉಳಿದಿರುತ್ತದೆ. ಉತ್ತರ ಪತ್ರಿಕೆ ತಿದ್ದಿದ ಹಾಗೆಯೇ, ಆದರೆ ಮಾರ್ಕು ಕೊಡಬೇಕಾಗಿಲ್ಲ.

ಕೆಂಪು ಪುಟ ಅಂದರೆ ಇನ್ನೂ ಯಾರೂ ತಿದ್ದಿಲ್ಲ. ಒಬ್ಬರು ತಿದ್ದಿ ಮುಗಿಸಿದರೆ ಹಳದಿ. ಇನ್ನೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಬರುವುದಿಲ್ಲ, ಎರಡನೇ ಜೋಡಿ ಕಣ್ಣು ಬೇಕೇ ಬೇಕು.

ಸುಮ್ನೆ ಓದುವುದಕ್ಕೇ ಆದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಸಾವಿರಾರು ಹಳೆಯ ಪುಸ್ತಕ ಇವೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ ಸಹ ನೋಡಿ. ತಲಶ್ಶೇರಿಯಲ್ಲಿದ್ದ ಜರ್ಮನ್ ಮಿಶನರಿ ಹರ್ಮನ್ ಗುಂಡರ್ಟ್ ಸಂಗ್ರಹ ಅದು. ಮಲಯಾಳಂ ಜಾಸ್ತಿ, ಆದರೆ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ ಕನ್ನಡ, ತುಳು ಪುಸ್ತಕಗಳೂ ಇವೆ. ಕಲ್ಲಚ್ಚಿನ ಪುಟಗಳು ಎಷ್ಟು ಸ್ಪಷ್ಟ ಅಂದರೆ, ಬರೆದವನ ಕೈ ಎಲ್ಲಿ ನಿಂತಿತು ಅಂತಲೂ ಕಾಣುತ್ತದೆ.

ನಿವೃತ್ತ_ಹೆಡ್‌ಮಾಷ್

ಇದನ್ನು ಕನ್ನಡ ಪಂಡಿತರಿಗೇ ಅಂತ ಮಾಡಿದ್ದಾರೋ ಏನೋ. ಮೂವತ್ತು ವರ್ಷ ಹ್ರಸ್ವ ದೀರ್ಘ ತಿದ್ದಿದವನು ನಾನು. ಫೋನಿನಲ್ಲಿ ಆಗುತ್ತದಾ? ನನ್ನ ಕಣ್ಣಿಗೆ ಸಣ್ಣ ಅಕ್ಷರ ಕಷ್ಟ. ಮಗನ ಹಳೆಯ ಕಂಪ್ಯೂಟರ್ ಮನೆಯಲ್ಲಿದೆ. ಅದರಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ?

ತಲಪಾಡಿ_ಬಿಎಡ್

ಮಾಷ್, ಕಂಪ್ಯೂಟರೇ ಒಳ್ಳೆಯದು. ಚಿತ್ರ ದೊಡ್ಡದು ಮಾಡಿಕೊಂಡು ನೋಡಬಹುದು. ವಿಂಡೋಸ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಅಂತ ಇದೆ, ಅಲ್ಲಿ ಕನ್ನಡ ಸೇರಿಸಿ. ಹಳೆಯ ‘ಬರಹ’ ಅಥವಾ ‘ನುಡಿ’ ತಂತ್ರಾಂಶದಲ್ಲಿ ಅಭ್ಯಾಸ ಇದ್ದರೆ ಅದನ್ನೇ ಬಳಸಿ, ಆದರೆ ಯುನಿಕೋಡ್ ಅಂತ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಅಕ್ಷರ ಬೇರೆಯವರಿಗೆ ಕಾಣುವುದಿಲ್ಲ. ಏನೂ ಹಾಕದೆಯೂ ಆಗುತ್ತದೆ. ವಿಕಿಸೋರ್ಸ್‌ನ ಬರೆಯುವ ಜಾಗದಲ್ಲೇ ಕೀಲಿಮಣೆಯ ಚಿಹ್ನೆ ಬರುತ್ತದೆ, ಅದರಲ್ಲಿ ಕನ್ನಡ ಆರಿಸಬಹುದು.

ನೀವು ಇರುವ ಊರು ಹತ್ತಿರವಾದರೆ ಭಾನುವಾರ ಬಂದು ಹಾಕಿಕೊಡುತ್ತೇನೆ.

ನಿವೃತ್ತ_ಹೆಡ್‌ಮಾಷ್

ಬಾ ಮಗಾ. ಊಟಕ್ಕೇ ಬಾ.

ಟೀಚರೇ, ಮೊದಲು ಬರೆದ ಮಾತನ್ನು ನಾನು ಬಿಟ್ಟಿಲ್ಲ. ಮಕ್ಕಳಿಗೆ ಮುಟ್ಟಬೇಕು ಅಂತ ಈಗಲೂ ಹೇಳುತ್ತೇನೆ. ಆದರೆ ಈಗ ನನ್ನ ಹತ್ತಿರ ಮಕ್ಕಳಿಲ್ಲ, ನಿವೃತ್ತನಾಗಿ ಬಹಳ ವರ್ಷ ಆಯಿತು. ಆದರೂ ಇದನ್ನು ಮಾಡಬೇಕು ಅನ್ನಿಸುತ್ತಿದೆ.

ಬದಿಯಡ್ಕ_ಟೀಚರ್

ಮಾಡಿ ಮಾಷ್. ಎಷ್ಟು ಸಂತೋಷ ಆಯಿತು ಗೊತ್ತಾ ಇದನ್ನು ಓದಿ.

ಪೆರ್ಲ_ಎಲ್‌ಪಿ

ಶೇಣಿಯವರ ತಾಳಮದ್ದಳೆ ಒಂದು ಪೂರ್ತಿ ಕೇಳಿದೆ. ದೊಡ್ಡ ಮಗ ಪಕ್ಕದಲ್ಲೇ ಕೂತು ಅದು ಯಾರು, ಯಾಕೆ ಜಗಳ ಅಂತ ಕೇಳುತ್ತಿದ್ದ. ಮಧೂರು ಮಾಷ್, ಪದ್ಯದ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ದಯವಿಟ್ಟು ಹೇಳಿ. ರಾಮಾಯಣದ ಪ್ರಸಂಗ ಬೇಕಿತ್ತು.

ಮಧೂರು_ಚೆಂಡೆ

ಕಳಿಸುತ್ತೇನೆ ಟೀಚರ್. ಪಾರ್ತಿಸುಬ್ಬನದ್ದೇ ಮೊದಲು ಓದಿ.

ನಿವೃತ್ತ_ಹೆಡ್‌ಮಾಷ್

ಹುಡುಗ ಬಂದು ಎಲ್ಲ ಸರಿ ಮಾಡಿಕೊಟ್ಟ. ಖಾತೆ ತೆರೆದೆ. ಒಂದು ಹಳೆಯ ಗದ್ಯ ಪುಸ್ತಕದ ಕೆಂಪು ಪುಟ ಹಿಡಿದೆ. ಸೊನ್ನೆಗಳು ತುಂಬ ಇದ್ದವು, ಎಲ್ಲ ತೆಗೆದು ಅನುಸ್ವಾರ ಹಾಕಿದೆ. ಒಂದು ಕಡೆ "ಪಿಷಯ" ಅಂತ ಇತ್ತು, "ವಿಷಯ" ಮಾಡಿದೆ. ಕೊನೆಯ ಸಾಲಿನಲ್ಲಿ ಒಂದು ಒತ್ತಕ್ಷರ ಮಾಸಿ ಹೋಗಿದೆ, ಊಹೆಯಿಂದ ಹಾಕಬಹುದಾ, ಹಾಗೇ ಬಿಡಬೇಕಾ? ಸದ್ಯಕ್ಕೆ ಪುಟವನ್ನು ಹಳದಿ ಮಾಡಿದ್ದೇನೆ. ಲೈಬ್ರರಿಯವರು ನೋಡಿ ಹೇಳಬೇಕು.

ಹೊಸಂಗಡಿ_ಲೈಬ್ರರಿ

ನೋಡಿದೆ ಮಾಷ್. ಊಹೆಯಿಂದ ಹಾಕಬಾರದು. ಅದೇ ಪುಸ್ತಕದ ಇನ್ನೊಂದು ಪ್ರತಿ ಆರ್ಕೈವ್‌ನಲ್ಲಿತ್ತು, ಅದರಲ್ಲಿ ಒತ್ತು ಸ್ಪಷ್ಟವಾಗಿದೆ, "ತ್ತ" ಅಂತ. ಸರಿ ಮಾಡಿದೆ. ಮೂರನೇ ಸಾಲಿನಲ್ಲಿ ಒಂದು ದೀರ್ಘ ಉಳಿದುಹೋಗಿತ್ತು, ಅದನ್ನೂ ಹಾಕಿ ಪುಟ ಹಸಿರು ಮಾಡಿದ್ದೇನೆ. ಮುಂದಿನ ಪುಟ ನೀವೇ ತೆಗೆದುಕೊಳ್ಳಿ, ಅದರ ನಂತರದ್ದು ನಾನು ಹಿಡಿಯುತ್ತೇನೆ.